ಹಾಲಿಸ್‌ಗೆ ಕಳಿಸಿದ ಚಿತ್ರ

"ಮುಟ್ಬೇಡ ಪುಟ್ಟೀ! ಆ ಪೆಟ್ಟಿಗೆ ಒಂದಕ್ಷರ ಸರಿದ್ರೂ ಬಾಣ ಗಾಳೀಲಿ ನಿಂತ್ಬಿಡುತ್ತೆ," ಎಂದು ರೊವೀನಾ ನನ್ನ ಕೈಗೊಂದು ಪೆಟ್ಟು ಕೊಟ್ಟರು.

ಸ್ಕ್ರೀನಿನ ಮೇಲೆ ಕೀಲಿಮಣೆಯ ಚಿಹ್ನೆಗಳಿಂದಲೇ ಕಟ್ಟಿದ ಚಿತ್ರ: ಎರಡು ಪೆಟ್ಟಿಗೆ, ನಡುವೆ ಬಾಣ! ಗೆರೆಗೆ ಮೈನಸ್, ಮೂಲೆಗೆ ಪ್ಲಸ್, ಅಷ್ಟರಿಂದಲೇ ಎರಡು ಕಂಪ್ಯೂಟರ್‌ಗಳು ಮಾತಾಡಿಕೊಳ್ಳುತ್ತಿದ್ದವು. ನನಗಂತೂ ಖುಷಿಯೋ ಖುಷಿ. ಇಂಥ ಹಳೇ ದಾಖಲೆಗಳನ್ನು ವೆಬ್ ಪುಟಗಳಾಗಿಸುವುದು ನನ್ನ ಕಾಲೇಜಿನ ಪ್ರಾಜೆಕ್ಟ್. ರೊವೀನಾ ಇದೇ ಮರೀನಾ ಡೆಲ್ ರೇ ಊರಿನ ಆಫೀಸೊಂದರಲ್ಲಿ ಇಂಟರ್‌ನೆಟ್ಟಿನ ನಿಯಮಗಳನ್ನು ತಿದ್ದುತ್ತಲೇ ತಲೆ ನರೆಸಿಕೊಂಡವರು. ಆ ನಿಯಮಗಳ ಪುಟದಲ್ಲಿ ಬಣ್ಣವಿಲ್ಲ, ದಪ್ಪಕ್ಷರವಿಲ್ಲ, ಬರೀ ಅಕ್ಷರ. ಎಂಥ ಮುದಿ ಯಂತ್ರದಲ್ಲೂ ತೆರೆದುಕೊಳ್ಳಬೇಕು, ಅಷ್ಟೇ.

ಈ ಚಿತ್ರವನ್ನು ಬರೆದದ್ದು ಅವರೂ ಆಗ ಅವರ ಬಲಗಡೆಯ ಮೇಜಿನಲ್ಲಿದ್ದ ಹಾಲಿಸ್ ಅವರೂ ಸೇರಿ. ಹಾಲಿಸ್ ಈಗ ವೆಂಚುರಾದ ವೃದ್ಧಾಶ್ರಮದಲ್ಲಿದ್ದಾರೆ. ಕಣ್ಣು ಹೋಗಿದೆ, ಕಂಪ್ಯೂಟರೇ ಓದಿ ಹೇಳುತ್ತದೆ.

"ಹೋದ ತಿಂಗಳು ಹೋಗಿದ್ದೆ. ಇಬ್ರೂ ಹವಾಮಾನದ ಬಗ್ಗೆ ಮಾತಾಡಿದ್ವಿ! ನಾವು ಯಾವತ್ತಾದ್ರೂ ಹವಾಮಾನ ಮಾತಾಡಿದೋರಾ? ಅವನ ಪಕ್ಕ ಕೂತು ಇನ್ನೊಂದ್ಸಲ ಒಂದು ಪುಟ ತಿದ್ಬೇಕು ಕಣೇ," ಎಂದರು ರೊವೀನಾ.

"ಈ ಚಿತ್ರ ಅವರಿಗೆ ಕಳಿಸಿದೀರಾ?"

"ಪ್ರತಿ ಕ್ರಿಸ್ಮಸ್‌ಗೂ ಕಳಿಸ್ತೀನಿ. ಚೆನ್ನಾಗಿದೆ ಅಂತಾನೆ."

ಹಾಲಿಸ್ ಬಳಸುವಂಥ ಓದಿ ಹೇಳುವ ಯಂತ್ರವನ್ನು ನಾನು ಇಲ್ಲೂ ಚಾಲೂ ಮಾಡಿದೆ. "ಪ್ಲಸ್, ಮೈನಸ್, ಮೈನಸ್, ಮೈನಸ್..." ಎಂದು ಅದು ಗೊಣಗಿತು. ರೊವೀನಾ ಕಾಫಿ ಲೋಟ ಕೆಳಗಿಟ್ಟರು.

"ಇದನ್ನಾ ಅವನು ಕೇಳ್ತಿದ್ದದ್ದು? ಕಳ್ಳ! ಒಂದ್ಮಾತು ಹೇಳ್ಲಿಲ್ಲ."

ವೆಬ್ ಪುಟದಲ್ಲಾದರೆ ಚಿತ್ರದ ಹಿಂದೆ ಕಣ್ಣಿಗೆ ಕಾಣದಂತೆ ಅದರ ವಿವರಣೆ ನಾಲ್ಕು ಮಾತಲ್ಲಿ ಬರೆದಿಡಬಹುದು, ಯಂತ್ರ ಅದನ್ನೇ ಓದುತ್ತದೆ ಎಂದೆ. "ನಿಮ್ಮ ಆ ಶೋಕಿ ಪುಟ," ಎಂದು ಮೂಗು ಮುರಿದರು. ಆಮೇಲೆ ಕಿಟಕಿಯಾಚೆಯ ದೋಣಿಗಳನ್ನೇ ನೋಡುತ್ತಾ ಹೇಳಿದರು, ನಾನು ಟೈಪ್ ಮಾಡಿದೆ: ಎಡಗಡೆಯ ಕಂಪ್ಯೂಟರ್ ಪ್ರಶ್ನೆ ಕೇಳುತ್ತದೆ. ಬಲಗಡೆಯದು ಬಹಳ ಕಾಯಿಸಿ ಉತ್ತರ ಕೊಡುತ್ತದೆ. ಎಡಗಡೆಯದು ಅಲ್ಲಿಯವರೆಗೂ ಕಾಯುತ್ತದೆ.

ಹಾಲಿಸ್‌ಗೆ ಕಳಿಸಿದ ಸ್ವಲ್ಪ ಹೊತ್ತಿಗೇ ಫೋನ್! ರೊವೀನಾ ಸ್ಪೀಕರ್ ಹಾಕಿದರು.

"ರೋ, ಬಲಗಡೆಯದು ಬಹಳ ಕಾಯಿಸುತ್ತೆ ಅಂತ ನಿಯಮದಲ್ಲಿ ಎಲ್ಲಿದೆ?" ಹಾಲಿಸ್ ದನಿ ನಡುಗುತ್ತಿತ್ತು, ತಕರಾರು ಮಾತ್ರ ಖಡಕ್ಕಾಗಿತ್ತು.

"ಎಲ್ಲೂ ಇಲ್ಲ. ನಾನೇ ಸೇರಿಸ್ದೆ."

 

"ನಿಯಮದ ಪ್ರಕಾರ ತಪ್ಪು," ಎಂದರು ಹಾಲಿಸ್. "ಆದ್ರೆ ಬಲಗಡೆಯವನ ಪಾಲಿಗೆ ನಿಜಾನೇ. ಬಂದು ಕೂತ್ಕೋ, ಸರಿ ಮಾಡೋಣ."

"ಇದೊಂದೇ ತಾನೇ?"

"ನಾವು ಬರೆದ ಅಷ್ಟೂ ಚಿತ್ರ ಹಾಗೇ ಬಿದ್ದಿವೆಯಲ್ಲೇ, ಒಂದೇ ಅಂತೀಯಲ್ಲ!"

ರೊವೀನಾ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಮುಂದಿನ ಬುಧವಾರ ಕಾಲೇಜಿಗೆ ಚಕ್ಕರ್ ಹೊಡೀತೀಯಾ? ಲ್ಯಾಪ್‌ಟಾಪ್ ತಗೊಂಡು ಬಾ, ವೆಂಚುರಾಗೆ ಹೋಗೋಣ."