ದ್ಯಾಮವ್ವ ತುಂಬಿದ ಬಿಲ್ಲೆಗಳು

ಪೀಣ್ಯದ ನಮ್ಮ ಶೆಡ್ಡಿನಲ್ಲಿ, ಬಂದೂಕಿನ ಗುರಿಗೆಂದು ಹಾರಿಸುವ ಮಣ್ಣಿನ ಬಿಲ್ಲೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದವಳು ಬಾಗಲಕೋಟೆ ಕಡೆಯ ದ್ಯಾಮವ್ವ. ಊರಿಂದ ಖಡಕ್ ರೊಟ್ಟಿ ತರುವಾಗಿನಂತೆಯೇ ಸಾಲುಗಳ ನಡುವೆ ಹಳೇ ಸೀರೆಯ ತುಂಡು ಹಾಸುತ್ತಿದ್ದಳು. ಯಾರಾದರೂ ಡಬ್ಬ ಕುಕ್ಕಿದರೆ ಬೈಗುಳ ತಪ್ಪಿದ್ದಲ್ಲ. ಯಾವುದೋ ಆಟದ ಸಾಮಾನು ಅಂತಷ್ಟೇ ಅವಳಿಗೆ ಗೊತ್ತಿತ್ತು.

ಆ ವರ್ಷ ನಮ್ಮ ಮಾಲು ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಹೋಯಿತು. ಊಟದ ಹೊತ್ತಿನಲ್ಲಿ ಎಲ್ಲರೂ ಟಿವಿ ಮುಂದೆ ಕೂತೆವು. ಕಿತ್ತಳೆ ಬಣ್ಣದ ಬಿಲ್ಲೆಯೊಂದು ಆಕಾಶಕ್ಕೆ ಚಿಮ್ಮಿತು. ಬಂದೂಕು ಸಿಡಿಯಿತು. ಬಿಲ್ಲೆ ಪುಡಿಪುಡಿಯಾಯಿತು.

ದ್ಯಾಮವ್ವ ರೇಗುತ್ತಾಳೆಂದು ನಾವು ಕಾದೆವು. ಅವಳು ತುತ್ತನ್ನು ಕೈಯಲ್ಲೇ ಹಿಡಿದು, ಇನ್ನೊಂದು ಹಾರುವುದನ್ನು ಕಣ್ಣರಳಿಸಿ ನೋಡಿದಳು.

“ದಾರ್ಯಾಗ ಒಂದೂ ಒಡದಿಲ್ಲ. ಮುಗಿಲಾಗ ಹೋಗಿ ಒಡದೈತಿ ನೋಡ್ರಿ,” ಅಂದಳು.

ಮರುದಿನ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಸಿದಳು.