ಸೋಮವಾರಪೇಟೆಗೆ ಒಯ್ದ ಸುದ್ದಿ

ಮೈಸೂರಿನಿಂದ ಬೆಳಗಿನ ಆರೂವರೆಯ ಬಸ್ಸು ಹಿಡಿದೆ. ಕಂಡಕ್ಟರ್ ಆಧಾರ್ ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟ. ಹುಣಸೂರು ದಾಟುವವರೆಗೂ ಮಂಜು. ಕುಶಾಲನಗರದಲ್ಲಿ ಇಳಿದು, ಎರಡು ಇಡ್ಲಿ ತಿಂದು ಸೋಮವಾರಪೇಟೆಯ ಬಸ್ಸು ಹತ್ತುವಾಗ ಬಿಸಿಲು ಬಂದಿತ್ತು. ಈ ದಾರಿಯಲ್ಲಿ ಬಂದು ಆರು ವರ್ಷಗಳಾಗಿದ್ದವು. ಆಗೆಲ್ಲ ಗಂಡ ದಿನೇಶ್ ಜೊತೆಗಿರುತ್ತಿದ್ದರು. ಊರು ಹತ್ತಿರವಾದಂತೆ ಅವರ ಮಾತಿನ ಧಾಟಿಯೇ ಬದಲಾಗುತ್ತಿತ್ತು.

ಫೋನಿನಲ್ಲಿ ಹೇಳಬಹುದಾದ ಸುದ್ದಿ. ಆದರೂ ನಾದಿನಿ ಲತಾಳ ಎದುರು ಕೂತೇ ಹೇಳಬೇಕೆನಿಸಿತ್ತು.

ದಿನೇಶ್ ರಜೆಯಲ್ಲಿ ಊರಿಗೆ ಹೋದಾಗ, ತೋಟದ ಮರದ ಕೊಂಬೆ ಕಡಿಯುತ್ತ ಕಾಲಿಗೆ ಕತ್ತಿ ತಾಗಿಸಿಕೊಂಡಿದ್ದರು. ಗಾಯ ಕೀವಾಗಿ, ಮೈಸೂರಿನ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ನಾನು ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಅವರ ಗಾಯದ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧದ ಬಿಲ್ಲೆಗಳನ್ನಿಟ್ಟವಳು ನಾನೇ. ಔಷಧ ನಾಟಿದರೆ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಖಾಲಿ ವೃತ್ತ ಮೂಡುತ್ತದೆ. ಯಾವ ಬಿಲ್ಲೆಯ ಸುತ್ತಲೂ ಮೂಡಲಿಲ್ಲ. ಹನ್ನೊಂದನೆಯ ದಿನ ಅವರು ಹೋದರು. ಆ ರೋಗಾಣು ಮಾತ್ರ ನಮ್ಮ ಫ್ರೀಜರಿನಲ್ಲಿ ಒಂದು ನಂಬರಾಗಿ ಉಳಿಯಿತು.

ಲತಾ ಪೇಟೆಯಿಂದ ನಾಲ್ಕು ಕಿಲೋಮೀಟರ್ ಆಚೆಯ ಎಸ್ಟೇಟಿನಲ್ಲಿ ರೈಟರ್. ಆಳುಗಳು ಕೊಯ್ದ ಕಾಫಿ ಹಣ್ಣು ತೂಗಿಸಿ ಲೆಕ್ಕ ಬರೆಯುವುದು ಅವಳ ಕೆಲಸ. ಆಟೋದಲ್ಲಿ ಹೋದೆ. ಪಿಕ್ಕಿಂಗ್ ಜೋರಾಗಿತ್ತು. ತೂಕ ಮುಗಿಯುವವರೆಗೆ ಕಣದ ಬದಿಯಲ್ಲಿ ಕಾದೆ. ಆಮೇಲೆ ಅವಳು ತನ್ನ ಬುತ್ತಿಯ ಅಕ್ಕಿ ರೊಟ್ಟಿಯಲ್ಲಿ ನನಗೂ ಪಾಲು ಕೊಟ್ಟಳು.

ಕಳೆದ ವಾರ ನಮ್ಮಲ್ಲಿ ಹೊಸ ಔಷಧವೊಂದನ್ನು ಪರೀಕ್ಷಿಸಿದ್ದನ್ನು ಹೇಳಿದೆ. ಅದು ತಾನಾಗಿ ಏನನ್ನೂ ಕೊಲ್ಲದು. ಹಳೆಯ ಆಂಟಿಬಯಾಟಿಕ್ಕನ್ನು ರೋಗಾಣು ಮುರಿದುಹಾಕದಂತೆ ತಡೆಯುತ್ತದೆ, ಅಷ್ಟೆ. ಎರಡನ್ನೂ ಸೇರಿಸಿ ದಿನೇಶರ ರೋಗಾಣುವಿನ ಮೇಲಿಟ್ಟಾಗ, ಅಂದು ಸೋತಿದ್ದ ಅದೇ ಔಷಧದ ಸುತ್ತ ವೃತ್ತ ಮೂಡಿತ್ತು.

ಲತಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅಣ್ಣನ್ನ ತಿಂದಿದ್ದನ್ನ ಇನ್ನೂ ಸಾಕ್ತಿದೀರಾ ಅತ್ತಿಗೆ?"

ಅದಿಲ್ಲದಿದ್ದರೆ ಹೊಸ ಔಷಧವನ್ನು ಯಾವುದರ ಮೇಲೆ ನೋಡುವುದು ಎಂದೆ. ಜನರಿಗೆ ಯಾವಾಗ ಸಿಗುತ್ತದೆ ಎಂದು ಕೇಳಿದಳು. ವರ್ಷಗಳು ಬೇಕು, ಸಿಗದೆಯೂ ಹೋಗಬಹುದು ಎಂದು ಇದ್ದದ್ದನ್ನೇ ಹೇಳಿದೆ.

"ನೋಡಿದಾಗ ಖುಷಿ ಆಯ್ತಾ?"

"ಫೋನ್ ತೆಗೆದು ಅವರ ನಂಬರ್ ಒತ್ತಿದ್ದೆ ಲತಾ. ಆಮೇಲೆ ನೆನಪಾಯ್ತು."

ಅವಳು ಉಳಿದ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ಅದನ್ನ ಬಿಸಾಕೋಕೆ ಬಿಡ್ಬೇಡಿ. ಇನ್ಯಾರ ಅಣ್ಣನಿಗಾದ್ರೂ ಉಪಯೋಗಕ್ಕೆ ಬರ್ಲಿ," ಎಂದಳು.

ಮಧ್ಯಾಹ್ನ ಅವಳಿಗೆ ಕುಶಾಲನಗರದಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ರಜೆ ಕೇಳಿ ನನ್ನ ಜೊತೆ ಬಸ್ಸು ಹತ್ತಿದಳು. ದಾರಿಯಲ್ಲಿ ನಾನು ಕೇಳಿರದ ಕಥೆಯೊಂದನ್ನು ಹೇಳಿದಳು: ಆರನೆಯ ಕ್ಲಾಸಿನಲ್ಲಿ ದಿನೇಶ್ ರೆಕ್ಕೆ ಮುರಿದ ಕಾಡುಕೋಳಿಯನ್ನು ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋಗಿದ್ದರಂತೆ. ಮೇಷ್ಟ್ರು ಚೀಲ ಬಿಚ್ಚುವಷ್ಟರಲ್ಲಿ ಕುಶಾಲನಗರ ಬಂತು.

ಮೈಸೂರಿನ ಬಸ್ಸು ಹೊರಟು ನಿಂತಿತ್ತು. ಉಳಿದದ್ದನ್ನು ಅವಳು ಕಿಟಕಿಯ ಕೆಳಗೆ ನಿಂತು ಹೇಳಿದಳು. ಇಂಜಿನ್ನಿನ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅವಳು ನಗುತ್ತಿದ್ದಳು, ನಾನೂ ನಕ್ಕೆ. ಬಸ್ಸು ಕಾವೇರಿಯ ಸೇತುವೆ ದಾಟಿತು.