ಮುದ್ದೆ ನುಂಗುತ್ತಿದ್ದ ನಂಜುಂಡಪ್ಪ ಮಾವ

ನಂಜುಂಡಪ್ಪ ಮಾವ ಮುದ್ದೆ ನುಂಗುವಾಗ ಅವರ ಗಂಟಲಿನ ಗಂಟು ಸರ್ರನೆ ಏರಿ ಇಳಿಯುತ್ತಿತ್ತು. ಅದನ್ನು ನೋಡಲೆಂದೇ ಚಾಮರಾಜಪೇಟೆಯ ನಮ್ಮ ವಠಾರದ ಮಕ್ಕಳು ಅವರ ಬಾಗಿಲಲ್ಲಿ ಜಮಾಯಿಸುತ್ತಿದ್ದೆವು. "ಅಗೀಬೇಡ್ರೋ, ಜಾರಿಸ್ಬೇಕು" ಎಂದು ನನಗೆ ಮುದ್ದೆ ನುಂಗಲು ಕಲಿಸಿದವರೂ ಅವರೇ. ಸಂಬಂಧವೇನಿಲ್ಲ, ಪಕ್ಕದ ಮನೆಯವರು. ಏನನ್ನು ಕಂಡರೂ "ಅದೆಂಗೆ?" ಎನ್ನದೆ ಬಿಡುವವರಲ್ಲ. ಕಿಡಿ ಹೇಗೆ ಹಾರುತ್ತದೆಂದು ಗ್ಯಾಸ್ ಲೈಟರ್ ಬಿಚ್ಚಿ, ಜೋಡಿಸಲಾಗದೆ, ಅತ್ತೆಯಿಂದ ಬೈಸಿಕೊಂಡು ನಮ್ಮ ಮನೆಗೆ ಬೆಂಕಿಪೊಟ್ಟಣ ಕೇಳಲು ಬರುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಮೀನಿನ ಮುಳ್ಳು ಅವರ ಗಂಟಲಲ್ಲಿ ಸಿಕ್ಕಿಕೊಂಡಿತು. ಅದಕ್ಕೆ ನಮ್ಮವರಿಗೆ ಗೊತ್ತಿರುವ ಮದ್ದು ಒಂದೇ, ದಪ್ಪ ತುತ್ತು ನುಂಗಿ ಮುಳ್ಳನ್ನು ಕೆಳಕ್ಕೆ ತಳ್ಳುವುದು. ಮಾವನನ್ನು ಮೀರಿಸುವವರುಂಟೇ? ನಿಂಬೆಹಣ್ಣಿನ ಗಾತ್ರದ ಮುದ್ದೆಗಳು ಒಂದರ ಹಿಂದೊಂದು ಇಳಿದವು. ಮುಳ್ಳೂ ಇಳಿಯಿತು, ಎದೆಯವರೆಗೆ ಮಾತ್ರ. ಆಮೇಲೆ ಎದೆನೋವು ಶುರುವಾಯಿತು, ಗ್ಯಾಸ್ಟ್ರಿಕ್ ಎಂದುಕೊಂಡರು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಲೋಟದಷ್ಟು ರಕ್ತ ಕಾರಿದರು.

ನಾನು ಆಟೋ ತರುವಷ್ಟರಲ್ಲಿ ರಕ್ತ ನಿಂತಿತ್ತು. ಮಾವ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ನಿಂತೋಯ್ತಲ್ಲಮ್ಮ! ಅದೆಂಗೆ ನಿಂತೋಯ್ತು?"

"ಆಸ್ಪತ್ರೇಲಿ ಕೇಳೋಣ ಬನ್ನಿ ಮಾವ."

ಬೇರೇನು ಹೇಳಿದ್ದರೂ ಅವರು ಏಳುತ್ತಿರಲಿಲ್ಲ. ಆ ಉತ್ತರಕ್ಕಾಗಿ ಚಪ್ಪಲಿ ಮೆಟ್ಟಿದರು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮನ ಮುಖ ಬಿಗಿಯಾಯಿತು. ಮುಳ್ಳು ಅನ್ನನಾಳವನ್ನು ತೂತು ಮಾಡಿಕೊಂಡು, ಪಕ್ಕದಲ್ಲೇ ಇಳಿಯುವ ದೊಡ್ಡ ರಕ್ತನಾಳ ಮಹಾಪಧಮನಿಗೂ ಚುಚ್ಚಿತ್ತು.

"ರಕ್ತ ಹೆಪ್ಪುಗಟ್ಟಿ ತೂತು ಮುಚ್ಚಿದೆ ಅಷ್ಟೇ. ಅದು ಕಳಚ್ಕೊಂಡ್ರೆ ನಮಗೆ ಟೈಮೇ ಸಿಗಲ್ಲ" ಎಂದರು.

ನಾನು ಮಾವನ ಮೊಣಕೈ ಹಿಡಿದುಕೊಂಡೆ. ಮಾವ ಮಾತ್ರ, "ಮತ್ತೆ ನೀವು ಹೆಂಗ್ ಮುಚ್ತೀರಾ ಡಾಕ್ಟ್ರೇ?" ಎಂದು ಮುಂದಕ್ಕೆ ಬಾಗಿದರು. ಡಾಕ್ಟರಮ್ಮ ವಿವರಿಸಿದರು. ಮೊದಲು ತೊಡೆಸಂದಿಯ ರಕ್ತನಾಳದಿಂದ ಬಟ್ಟೆ ಹೊದಿಸಿದ ಸ್ಟೆಂಟ್ ಕೊಳವೆ ಏರಿಸಿ ಅಪಧಮನಿಯ ತೂತನ್ನು ಒಳಗಿನಿಂದ ಮುಚ್ಚುವುದು. ಆಮೇಲೆ ಎದೆ ತೆರೆದು, ಮುಳ್ಳು ತೆಗೆದು, ಕೀವು ತೊಳೆದು, ಅನ್ನನಾಳ ಹೊಲಿಯುವುದು.

"ತೊಡೆಯಿಂದ ಎದೆಗೆ ದಾರಿ ಐತಾ!" ಎಂದು ಮಾವ ಕಣ್ಣರಳಿಸಿದರು.

ಎರಡೂ ಆಪರೇಷನ್ ಆಗಿ ಮಾವ ಉಳಿದರು. ತಿಂಗಳುಗಟ್ಟಲೆ ಬಾಯಿಗೆ ಏನೂ ಇಲ್ಲ, ಹೊಟ್ಟೆಗೆ ಹಾಕಿದ ನಳಿಕೆಯಲ್ಲೇ ಗಂಜಿ. "ಹೊಟ್ಟೆ ತುಂಬ್ತು, ನಾಲಿಗೆಗೆ ಸುದ್ದೀನೇ ಇಲ್ಲ ನೋಡಮ್ಮ" ಎನ್ನುತ್ತಿದ್ದರು.

ಕೊನೆಗೆ ಬಾಯಲ್ಲಿ ತಿನ್ನಲು ಅಪ್ಪಣೆಯಾಯಿತು, ಆದರೆ ಚೆನ್ನಾಗಿ ಅಗಿಯಬೇಕು, ಖಾರ ಕೂಡದು. ಅತ್ತೆ ಬರೀ ಮುದ್ದೆಯ ಚೂರೊಂದನ್ನು ಬಾಯಿಗಿಟ್ಟರು. ಮಾವ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು.

"ಅಗೀತಾ ಅಗೀತಾ ಸಿಹಿಯಾಗ್ತದೆ ಕಣಮ್ಮ! ಇಷ್ಟು ವರ್ಷ ನುಂಗಿದ್ದೇ ಬಂತು, ಗೊತ್ತೇ ಇರ್ಲಿಲ್ಲ. ಅದೆಂಗೆ?"

ಮುಂದಿನ ಸಲ ಡಾಕ್ಟರಮ್ಮನನ್ನೇ ಕೇಳೋಣ ಎಂದೆ.

ಮುಂದಿನ ಸಲ ಹೋದದ್ದು ಜ್ವರದಲ್ಲಿ. ಸ್ಟೆಂಟಿನ ಸುತ್ತ ಸೋಂಕು ಮರುಕಳಿಸಿತ್ತು. ಯಾವ ಔಷಧಿಗೂ ಬಗ್ಗಲಿಲ್ಲ. ಮಾವ ಹೋದ ಸುದ್ದಿ ಹೇಳಲು ಹೊರಗೆ ಬಂದ ಡಾಕ್ಟರಮ್ಮನನ್ನು, ಏನು ತೋಚಿತೋ, "ಮುದ್ದೆ ಅಗಿದ್ರೆ ಸಿಹಿ ಆಗುತ್ತಲ್ಲ ಮೇಡಂ, ಅದು ಹೇಗೆ?" ಎಂದು ಕೇಳಿಬಿಟ್ಟೆ. ಅವರು ಪಕ್ಕದ ಬೆಂಚಿನಲ್ಲಿ ಕೂತು, ಎಂಜಲು ಹಿಟ್ಟನ್ನು ಹೇಗೆ ಸಕ್ಕರೆ ಮಾಡುತ್ತದೆಂದು ನಿಧಾನವಾಗಿ ಹೇಳಿದರು. ಎಲ್ಲ ಅರ್ಥವಾಯಿತು. ಒಳಗೆ ಹೋಗಿ ಮಾವನಿಗೆ ಹೇಳೋಣವೆಂದು ಎದ್ದೇ ಬಿಟ್ಟಿದ್ದೆ.